ಕುರುಬನ ದಣಿವು

ದಣಿದ ಕುರಿಮರಿಯನ್ನು ಕುರುಬನು ಹೆಗಲಮೇಲೆ ಹೊತ್ತು ತರುತ್ತಿರುವ ಚಿತ್ರವೊಂದನ್ನು ಕ್ರೈಸ್ತರ ಮನೆಗಳ ಗೋಡೆಯಮೇಲೆ ವಾಚಕರು ನೋಡಿರಬಹುದು. ಗಾಜಿನ ಕಟ್ಟು ಹಾಕಿಸಿದ ಆ ಚಿತ್ರ ನಮ್ಮ ಮನೆಯಲ್ಲಿಯೂ ಇತ್ತು. ಚಿಕ್ಕಂದಿನಲ್ಲಿ ಅದನ್ನು ನೋಡಿದಾಗಲೆಲ್ಲ ನನ್ನ ಮನಸ್ಸಿಗೆ ಬರುತ್ತಿದ್ದುದು ಕುರಿಮರಿಯ ಸುಖ ಮಾತ್ರ. ಹೊತ್ತವನ ಕಾಲು ನೋಯುತ್ತಿತ್ತೇ, ಹಟ್ಟಿ ಸೇರಿದ ಮೇಲೆ ಅವನಿಗೆ ಯಾರಾದರೂ ಬಿಸಿ ರೊಟ್ಟಿ ಬಡಿಸಿದರೇ ಎಂಬ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಬಹಳ ತಡವಾಗಿ. ನಾನೇ ಒಂದು ಸಭೆಯ ಪಾಲಕನಾಗಿ ಹನ್ನೆರಡು ವರ್ಷ ಕಳೆದ ಮೇಲೆ.

ಪಾದ್ರಿಯ ಕೆಲಸ ಭಾನುವಾರ ಬೆಳಿಗ್ಗೆ ಎರಡು ಗಂಟೆಯದು ಎಂದು ಬಹುಮಂದಿ ತಿಳಿದಿರುತ್ತಾರೆ. ನನ್ನ ಸ್ನೇಹಿತರಾದ ವಕೀಲರೊಬ್ಬರು, “ನಿಮಗೆ ವಾರಕ್ಕೆ ಒಂದೇ ಕೇಸು, ಅದೂ ಎದುರು ವಕೀಲರಿಲ್ಲದ ಕೇಸು” ಎಂದು ಹಾಸ್ಯ ಮಾಡುತ್ತಿದ್ದರು. ನಾನೂ ಅವರೊಡನೆ ನಗುತ್ತಿದ್ದೆ. ಆದರೆ ಬಯಲುಸೀಮೆಯ ಆ ಊರಿನಲ್ಲಿ ನನ್ನ ಪಾಲಿಗಿದ್ದುದು ಒಂದು ದೊಡ್ಡ ಸಭೆ, ಸುತ್ತಲಿನ ಹಳ್ಳಿಗಳಲ್ಲಿ ಆರು ಚಿಕ್ಕ ಸಭೆಗಳು, ಒಂದು ಪ್ರಾಥಮಿಕ ಶಾಲೆ ಮತ್ತು ಒಂದು ಸೈಕಲ್ಲು. ಪ್ರಸಂಗ, ಆರಾಧನೆ, ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳು ಹೇಗೂ ಇದ್ದವು. ಅವುಗಳಿಗಾಗಿಯೇ ನಾನು ಅಭಿಷೇಕ ಹೊಂದಿದ್ದೆ. ಅವುಗಳ ಹಿಂದೆ ಶಾಲೆಯ ಮಾಸ್ತರರ ಸಂಬಳದ ಕಾಗದಪತ್ರ, ದೇವಾಲಯದ ಹಂಚು ಬದಲಿಸುವ ಚಂದಾ, ಕಂಪೌಂಡಿನ ಗಡಿಯ ವ್ಯಾಜ್ಯ, ಗಂಡನನ್ನು ಬಿಟ್ಟು ಬಂದ ಮಗಳು, ಹೆಂಡ ಬಿಡದ ಅಳಿಯ, ಆಸ್ಪತ್ರೆಗೊಂದು ಚೀಟಿ, ಹಾಸ್ಟೆಲಿಗೊಂದು ಶಿಫಾರಸು ಎಲ್ಲವೂ ಸಾಲುಗಟ್ಟಿ ಬರುತ್ತಿದ್ದವು. ಬಂದವರಾರೂ ಕೆಟ್ಟವರಲ್ಲ. ಪ್ರತಿಯೊಬ್ಬರೂ ತಂದದ್ದು ಒಂದೊಂದು ಹಿಡಿಯಷ್ಟು ಭಾರ. ಮೂಟೆ ಆದದ್ದು ನನ್ನ ತಲೆಯಮೇಲೆ.

ಇದನ್ನು ದೂರಾಗಿ ಬರೆಯುತ್ತಿಲ್ಲ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ಅದರಲ್ಲಿ ಒಂದು ಗುಪ್ತವಾದ ಸಂತೋಷವೂ ಇತ್ತು. “ಅಯ್ಯನವರು ಇಲ್ಲದಿದ್ದರೆ ನಮ್ಮ ಗತಿ ಏನು?” ಎಂದು ಯಾರಾದರೂ ಅಂದರೆ, ಛೇ ಛೇ ಎಂದು ಬಾಯಲ್ಲಿ ಹೇಳುತ್ತಾ ಮನಸ್ಸಿನಲ್ಲಿ ಒಪ್ಪಿಕೊಳ್ಳುತ್ತಿದ್ದೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದರೂ ಎದ್ದು ಹೋಗುವವನು ಎಂಬ ಹೆಸರು ನನಗಿತ್ತು. ಆ ಹೆಸರನ್ನು ಕಾಪಾಡಿಕೊಳ್ಳುವುದಕ್ಕಾಗಿಯೇ ಎಷ್ಟೋ ರಾತ್ರಿ ಎದ್ದು ಹೋಗಿದ್ದೇನೆ. ಇದು ಸೇವೆಯೇ, ಸೇವೆಯ ವೇಷ ತೊಟ್ಟ ಅಭಿಮಾನವೇ ಎಂದು ಪ್ರತ್ಯೇಕಿಸಿ ನೋಡುವ ವ್ಯವಧಾನ ಆಗ ಇರಲಿಲ್ಲ.

ಸೂಚನೆಗಳು ಕಾಣಿಸಿಕೊಂಡಿರಲಿಲ್ಲವೆಂದಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವುದು. ಎಚ್ಚರವಾದೊಡನೆ ಹಂಚಿನ ಲೆಕ್ಕ ನೆನಪಾಗುವುದು. ಪ್ರಾರ್ಥನೆಗೆ ಕುಳಿತರೆ ಮಾತು ಬರುವುದು, ಮನಸ್ಸು ಬರದಿರುವುದು. ಬಾಗಿಲಲ್ಲಿ ಚಪ್ಪಲಿಯ ಸದ್ದು ಕೇಳಿದರೆ ಮೊದಲು ಏಳುತ್ತಿದ್ದುದು ಕರುಣೆಯಲ್ಲ, ಸಿಟ್ಟು. ಒಂದು ಸಂಜೆ ಸಭೆಯ ಹಿರಿಯರೊಬ್ಬರು ಗೇಟಿನಲ್ಲಿ ಕಂಡಾಗ ನಾನು ಹಿತ್ತಲ ಬಾಗಿಲಿನಿಂದ ಹೊರಬಿದ್ದು, ನುಗ್ಗೆಯ ಗಿಡದ ಮರೆಯಲ್ಲಿ ಕಳ್ಳನಂತೆ ನಿಂತಿದ್ದೆ. ಅವರು ತಂದಿದ್ದುದು ಮೊಮ್ಮಗನ ಹುಟ್ಟುಹಬ್ಬದ ಸಿಹಿ.

ಇಷ್ಟಾದರೂ ನಾನು ನಿಲ್ಲಲಿಲ್ಲ. ನಿಲ್ಲಿಸಿದ್ದು ಬೇರೆ ಒಂದು ಪ್ರಸಂಗ. ಅದು ನಡೆದು ಮೂವತ್ತು ವರ್ಷಗಳ ಮೇಲಾಯಿತು. ಇಂದಿಗೂ ಅದನ್ನು ಬರೆಯುವಾಗ ಕೈ ಹಿಂದೆಗೆಯುತ್ತದೆ.

ಗರಿಗಳ ಭಾನುವಾರದಿಂದ ಈಸ್ಟರ್ ಹಬ್ಬದವರೆಗಿನ ಎಂಟು ದಿನ ಯಾವ ಸಭಾಪಾಲಕನಿಗೂ ಸುಗ್ಗಿಯ ಕಾಲ. ದಿನವೂ ಆರಾಧನೆ, ಶುಭಶುಕ್ರವಾರದಂದು ಮೂರು ಗಂಟೆಗಳ ಧ್ಯಾನ, ಈಸ್ಟರಿನಂದು ಸೂರ್ಯೋದಯಕ್ಕೆ ಮುಂಚೆ ಸ್ಮಶಾನದಲ್ಲಿ ಪ್ರಾರ್ಥನೆ, ಆಮೇಲೆ ಹಳ್ಳಿಗಳಲ್ಲಿ ಪವಿತ್ರ ಭೋಜನ. ಆ ವರ್ಷ ಅದೇ ವಾರದಲ್ಲಿ ಮೂರು ಸಾವುಗಳಾದವು. ಮೂರಕ್ಕೂ ನಾನೇ ಹೋದೆ. ಈಸ್ಟರಿನ ಮಾರನೆಯ ದಿನ ನಾಲ್ಕನೆಯ ಸಾವು. ಮಗ್ಗದ ಕೆಲಸ ಮಾಡುತ್ತಿದ್ದ ಒಬ್ಬ ನೇಕಾರರ ಹೆಂಡತಿ. ಎರಡು ವರ್ಷ ಹಾಸಿಗೆ ಹಿಡಿದಿದ್ದ ಹೆಣ್ಣುಮಗಳು. ತಿಂಗಳಿಗೊಮ್ಮೆಯಾದರೂ ನಾನು ಹೋಗಿ ಪಕ್ಕದಲ್ಲಿ ಕುಳಿತು ಬರುತ್ತಿದ್ದೆ. ಹೋದಾಗಲೆಲ್ಲ ಆಕೆ ತನ್ನ ನೋವಿನ ವಿಚಾರ ಬಿಟ್ಟು, “ಊಟ ಆತೇನ್ರಿ ಅಯ್ಯನವರ?” ಎಂದು ಕೇಳುತ್ತಿದ್ದಳು.

ಕುಣಿಯ ಬಳಿ ನಿಂತು, ಮಣ್ಣಿಗೆ ಮಣ್ಣನ್ನು ಒಪ್ಪಿಸುವ ಪ್ರಾರ್ಥನೆಯಲ್ಲಿ, ನಾನು ಬೇರೊಬ್ಬಳ ಹೆಸರನ್ನು ಹೇಳಿದೆ. ಬುಧವಾರ ಹೂಳಿದ ಇನ್ನೊಬ್ಬ ಹೆಂಗಸಿನ ಹೆಸರು. ಒಂದು ಸಲವಲ್ಲ, ಎರಡು ಸಲ. ತಪ್ಪಿತೆಂದು ನನಗೆ ಗೊತ್ತಾಗಲೂ ಇಲ್ಲ. ಮುಗಿಸಿ ಕಣ್ಣು ತೆರೆದಾಗ ಜನರೆಲ್ಲ ನೆಲ ನೋಡುತ್ತಿದ್ದರು. ಆ ನೇಕಾರರು ಮಾತ್ರ ನನ್ನ ಮುಖವನ್ನು ನೋಡುತ್ತಿದ್ದರು. ಕೋಪವಿರಲಿಲ್ಲ. ತಾವು ಕೇಳಿದ್ದು ಸರಿಯೇ ಎಂದು ಅನುಮಾನಿಸುವವರ ನೋಟ ಅದು. ಅವರ ಮಗ ನನ್ನ ಬಳಿ ಬಂದು ಮೆಲ್ಲಗೆ ಹೇಳಿದ: “ನಮ್ಮವ್ವನ ಹೆಸರು ಅದಲ್ರಿ.”

ಮನೆಗೆ ಬಂದು ಬಾಗಿಲು ಹಾಕಿಕೊಂಡು ಕುಳಿತೆ. ನನ್ನ ಹೆಂಡತಿ ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೂರು ತಿಂಗಳಾತು, ಸಣ್ಣಾವನ್ನ ದೊಡ್ಡಾವನ ಹೆಸರಿನಿಂದ ಕರೀತೀರಿ. ನಾ ಹೇಳಿದ್ರ ನಿಮಗ ಕೇಳಿಸೂದಿಲ್ಲ” ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದೇ ರಾತ್ರಿ ಮೇಲಿನವರಿಗೆ ಕಾಗದ ಬರೆದೆ, ರಾಜೀನಾಮೆಯ ಕಾಗದ. ಅವಳು ಅದನ್ನು ಅಂಚೆಗೆ ಹಾಕಲಿಲ್ಲ. ಅದರ ಬದಲು ಒಂದು ತಿಂಗಳ ರಜೆಯ ಕಾಗದ ಬರೆಸಿ, ನನ್ನನ್ನು ಧಾರವಾಡದ ಬಸ್ಸು ಹತ್ತಿಸಿದಳು.

* * *

ಧಾರವಾಡದಲ್ಲಿ ನನಗೆ ಗುರುಗಳಂತಿದ್ದ ನಿವೃತ್ತ ಸಭಾಪಾಲಕರೊಬ್ಬರಿದ್ದರು. ಹಂಚಿನ ಚಿಕ್ಕ ಮನೆ, ಹಿತ್ತಲಲ್ಲಿ ಎರಡು ಪೇರಲ ಗಿಡ. ವಯಸ್ಸು ಎಂಬತ್ತರ ಹತ್ತಿರ. ಅವರು ಉಪದೇಶ ಮಾಡುತ್ತಾರೆ, ಪ್ರಾರ್ಥನೆ ಮಾಡಿಸುತ್ತಾರೆ, ಬಹುಶಃ ಗದರಿಸುತ್ತಾರೆ ಎಂದುಕೊಂಡು ನಾನು ಹೋಗಿದ್ದೆ. ಅವರು ನನ್ನ ಮುಖ ನೋಡಿ, ಒಳಗೆ ಕರೆದು, ಹಾಸಿಗೆ ತೋರಿಸಿದರು. ನಾಲ್ಕು ದಿನ ನಾನು ಮಾಡಿದ್ದು ಊಟ ಮತ್ತು ನಿದ್ರೆ. ಐದನೆಯ ದಿನ ಬೆಳಿಗ್ಗೆ ಪೇರಲ ಗಿಡದ ಕೆಳಗೆ ಕುಳಿತಾಗ ಅವರು ಎಲೀಯನ ಕಥೆಯನ್ನು ತೆಗೆದರು.

ಸತ್ಯವೇದದ ಪರಿಚಯವಿಲ್ಲದ ವಾಚಕರಿಗಾಗಿ ಆ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಎಲೀಯನು ಇಸ್ರಾಯೇಲ್ ದೇಶದ ಪ್ರವಾದಿ. ಕರ್ಮೆಲ್ ಬೆಟ್ಟದಮೇಲೆ ಬಾಳನ ನಾನೂರೈವತ್ತು ಪ್ರವಾದಿಗಳನ್ನು ಒಬ್ಬನೇ ಎದುರಿಸಿ ಗೆದ್ದವನು. ಗೆಲವಿನ ಮಾರನೆಯ ದಿನವೇ, ರಾಣಿ ಈಜೆಬೆಲಳು ಕೊಲ್ಲಿಸುವೆನೆಂದು ಹೇಳಿಕಳುಹಿಸಿದೊಡನೆ, ಹೆದರಿ ಓಡಿದ. ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು, ಒಬ್ಬನೇ ಒಂದು ದಿನದ ದಾರಿಯಷ್ಟು ಅಡವಿಯೊಳಗೆ ಹೋಗಿ, ಜಾಲಿಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣವನ್ನು ತೆಗೆದುಕೋ ಎಂದು ದೇವರನ್ನು ಬೇಡಿ ಮಲಗಿಬಿಟ್ಟ.

“ಮುಂದೆ ಏನಾತು ಹೇಳು ತಮ್ಮಾ” ಎಂದರು ಅವರು.

“ದೇವದೂತ ಬಂದ. ಹೋರೇಬ್ ಬೆಟ್ಟಕ್ಕೆ ಹೋಗಲಿಕ್ಕೆ ಶಕ್ತಿ ಕೊಟ್ಟ.”

“ನೀನೂ ನನ್ಹಂಗ ಅವಸರದವ. ನಡುವ ಏನಾತು?”

ನಡುವೆ ನಡೆದದ್ದು ಇದು: ದೇವದೂತನು ಅವನನ್ನು ತಟ್ಟಿ ಎಬ್ಬಿಸಿದ. ತಲೆಯ ಬಳಿ ಕೆಂಡದಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇದ್ದವು. ಎಲೀಯ ತಿಂದ, ಕುಡಿದ, ಮತ್ತೆ ಮಲಗಿದ. ದೂತನು ಎರಡನೆಯ ಸಲ ಬಂದು ಎಬ್ಬಿಸಿ, ದಾರಿ ದೂರವಿದೆಯೆಂದು ಹೇಳಿ ಇನ್ನೊಮ್ಮೆ ಉಣಿಸಿದ.

“ಅಷ್ಟು ದೊಡ್ಡ ಪ್ರವಾದಿ ಸಾಯ್ತೀನಿ ಅಂತ ಮಲಗಿದ್ದ. ದೂತ ಅವಗ ಉಪದೇಶ ಮಾಡಲಿಲ್ಲ, ಅಡಗಿ ಮಾಡಿದ” ಎಂದರು ಮುದುಕರು. “ನಾವು ಈ ಅಧ್ಯಾಯದ ಮ್ಯಾಲೆ ನೂರು ಪ್ರಸಂಗ ಮಾಡೇವಿ. ಎಲ್ಲಾದ್ರಾಗೂ ಆ ಮೆಲುದನಿಗೆ ಓಡಿಹೋಗ್ತೀವಿ. ರೊಟ್ಟಿ ಅಲ್ಲೇ ಉಳೀತದ.”

ಆಮೇಲೆ ಅವರು ತೋರಿಸಿದ ಇನ್ನೆರಡು ಸಂಗತಿಗಳನ್ನೂ ನಾನು ಅದುವರೆಗೆ ಗಮನಿಸಿರಲಿಲ್ಲ. ಎಲೀಯನ ದೊಡ್ಡ ದುಃಖ, ನಾನೊಬ್ಬನೇ ಉಳಿದಿದ್ದೇನೆ ಎಂಬುದು. ಅದಕ್ಕೆ ದೇವರು ಕೊಟ್ಟ ಉತ್ತರ ಒಂದು ಲೆಕ್ಕ: ಬಾಳನಿಗೆ ಮೊಣಕಾಲೂರದ ಏಳು ಸಾವಿರ ಮಂದಿ ದೇಶದಲ್ಲಿದ್ದಾರೆ. ದಣಿದವನಿಗೆ ಉಳಿದವರು ಕಾಣುವುದಿಲ್ಲ, ಇಲ್ಲದ್ದರಿಂದಲ್ಲ, ದಣಿದಿರುವುದರಿಂದ. ಎರಡನೆಯದಾಗಿ, ಎಲೀಯನನ್ನು ಹಿಂದಕ್ಕೆ ಕಳುಹಿಸುವಾಗ ಅವನ ಕೆಲಸಕ್ಕೆ ಎಲೀಷನೆಂಬ ಜೊತೆಗಾರನೊಬ್ಬನನ್ನು ಗೊತ್ತುಮಾಡಿದ್ದೂ ಆಯಿತು. ಅನ್ನ, ನಿದ್ರೆ, ಸತ್ಯವಾದ ಲೆಕ್ಕ, ಜೊತೆಗಾರ: ಆ ಅಧ್ಯಾಯದಲ್ಲಿರುವ ಔಷಧವನ್ನೆಲ್ಲ ಕೂಡಿಸಿದರೆ ಇಷ್ಟೇ.

ಮೋಶೆಗೂ ಹೀಗೆಯೇ ಆಗಿತ್ತು. ಜನರ ವ್ಯಾಜ್ಯಗಳನ್ನು ಬೆಳಗಿನಿಂದ ಸಾಯಂಕಾಲದವರೆಗೆ ಒಬ್ಬನೇ ಕುಳಿತು ತೀರಿಸುತ್ತಿದ್ದ ಅವನನ್ನು ನೋಡಿ, ಈ ರೀತಿ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದು ಎಚ್ಚರಿಸಿದವನು ಅವನ ಮಾವ ಇತ್ರೋ. ಸಾವಿರ ಮಂದಿಗೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬ ನಾಯಕನನ್ನು ನೇಮಿಸುವ ಉಪಾಯ ಅವನದು. ಇತ್ರೋ ಇಸ್ರಾಯೇಲ್ಯನಲ್ಲ, ಮಿದ್ಯಾನ್ ದೇಶದ ಆಚಾರ್ಯ. ಹೊರಗಿನಿಂದ ಬಂದವನ ಕಣ್ಣಿಗೆ ಬಿದ್ದದ್ದು ಒಳಗಿದ್ದವರಿಗೆ ಕಂಡಿರಲಿಲ್ಲ. ಅಷ್ಟಾದರೂ ಮುಂದೆ ಅಡವಿಯಲ್ಲಿ ಜನ ಮಾಂಸಕ್ಕಾಗಿ ಅತ್ತಾಗ ಮೋಶೆ ಮತ್ತೆ ಕುಸಿದ; ಈ ಜನರನ್ನೆಲ್ಲ ನಾನು ಹೆತ್ತೆನೇ ಎಂದು ದೇವರ ಮೇಲೆಯೇ ರೇಗಿ, ಸಾವನ್ನು ಬೇಡಿದ. ಆಗಲೂ ದೊರೆತದ್ದು ಗದರಿಕೆಯಲ್ಲ. ಭಾರ ಹಂಚಿಕೊಳ್ಳಲು ಎಪ್ಪತ್ತು ಮಂದಿ ಹಿರಿಯರು.

* * *

ಆ ಮನೆಯಲ್ಲಿ ಒಂದು ಕಪಾಟು ತುಂಬ ಹಳೆಯ ಪುಸ್ತಕಗಳಿದ್ದವು. ರಜೆಯ ಉಳಿದ ದಿನಗಳಲ್ಲಿ ನಾನು ಓದಿದ್ದು ಬಹುಪಾಲು ಮಿಷನರಿಗಳ ಚರಿತ್ರೆ. ಕಾಲೇಜಿನಲ್ಲಿ ಓದುವಾಗ ಅವರೆಲ್ಲ ಉಕ್ಕಿನ ಮನುಷ್ಯರಂತೆ ಕಂಡಿದ್ದರು. ಈಗ ಓದಿದರೆ ಪುಟಪುಟದಲ್ಲಿಯೂ ಕಣ್ಣೀರಿನ ಕಲೆ.

ವಿಲಿಯಂ ಕೇರಿಯವರ ಹೆಸರನ್ನು ಅನೇಕರು ಕೇಳಿದ್ದಾರೆ. 1761ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಜೋಡು ಹೊಲಿಯುವ ಕಸಬು ಕಲಿತು, 1793ರಲ್ಲಿ ಬಂಗಾಳಕ್ಕೆ ಬಂದವರು. ಬಂದ ಮರುವರ್ಷವೇ ಪೀಟರ್ ಎಂಬ ಐದು ವರ್ಷದ ಮಗ ತೀರಿಕೊಂಡ. ಹೆಂಡತಿ ಡೊರೊತಿ ಆ ದುಃಖದಿಂದ ಚೇತರಿಸಿಕೊಳ್ಳಲೇ ಇಲ್ಲ. ಬುದ್ಧಿ ಭ್ರಮಿಸಿ, 1807ರಲ್ಲಿ ತೀರಿಕೊಳ್ಳುವವರೆಗೂ ಹಾಗೆಯೇ ಉಳಿದಳು. ಒಂದು ಕೋಣೆಯಲ್ಲಿ ಆಕೆಯ ಕೂಗು, ಪಕ್ಕದ ಕೋಣೆಯಲ್ಲಿ ಈತನ ಭಾಷಾಂತರ. ಮೊದಲನೆಯ ಬಂಗಾಳಿ ಶಿಷ್ಯ ಕೃಷ್ಣಪಾಲನಿಗೆ ದೀಕ್ಷಾಸ್ನಾನವಾದದ್ದು 1800ರ ಡಿಸೆಂಬರಿನಲ್ಲಿ, ಏಳು ವರ್ಷಗಳ ಮೇಲೆ. ಚಿಕ್ಕಂದಿನಲ್ಲಿ ಈ ಚರಿತ್ರೆಯನ್ನು ಕೇರಿಯವರ ತಾಳ್ಮೆಯ ಕಥೆಯೆಂದು ಓದಿದ್ದೆ. ಈಗ ಅದು ಡೊರೊತಿಯ ಕಥೆಯೂ ಹೌದೆಂದು ತೋರಿತು. ಹೊರಡುವುದಕ್ಕೆ ಮೊದಲು ಒಲ್ಲೆನೆಂದವಳು ಆಕೆ. ಸೇವಕನು ಹೊರುವ ಭಾರದ ಒಂದು ತುದಿ ಯಾವಾಗಲೂ ಅವನ ಮನೆಯವರ ಹೆಗಲಮೇಲಿರುತ್ತದೆ. ಅದಕ್ಕೆ ಅವರನ್ನು ಯಾರೂ ಕೇಳಿರುವುದಿಲ್ಲ.

1812ರ ಮಾರ್ಚ್ 11ರ ಸಂಜೆ ಶ್ರೀರಾಮಪುರದ ಅವರ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕಾಗದದ ರಾಶಿ, ಅನೇಕ ಭಾಷೆಗಳ ಅಚ್ಚಿನ ಮೊಳೆಗಳು, ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳು ಬೂದಿಯಾದವು. ಕನ್ನಡಿಗರಾದ ನಾವು ನೆನೆಯತಕ್ಕ ಸಂಗತಿಯೆಂದರೆ, ಸುಟ್ಟುಹೋದವುಗಳಲ್ಲಿ ಹೊಸ ಒಡಂಬಡಿಕೆಯ ಕನ್ನಡ ಭಾಷಾಂತರವೂ ಇತ್ತು. ಕೇರಿಯವರು ಕಲಕತ್ತೆಯಲ್ಲಿದ್ದರು, ಮಾರನೆಯ ದಿನ ಮಾರ್ಷ್ಮನ್ನರು ಹೋಗಿ ಸುದ್ದಿ ಹೇಳಿದರು. ಉಳಿದದ್ದು ಅಚ್ಚಿನ ಯಂತ್ರಗಳು ಮತ್ತು ಮೊಳೆ ಎರಕ ಹೊಯ್ಯುವ ಅಚ್ಚುಗಳು. ಅವುಗಳಿಂದಲೇ ಮತ್ತೆ ಮೊದಲಿನಿಂದ ಕೆಲಸ ಹಿಡಿದರು. 1817ರಲ್ಲಿ ಅದೇ ಶ್ರೀರಾಮಪುರದಿಂದ ಕೇರಿಯವರ ಕನ್ನಡ ವ್ಯಾಕರಣ ಹೊರಬಂತು.

ಇದನ್ನು ಓದಿ, ಅಂಥ ಮನಸ್ಸು ನನಗಿಲ್ಲವಲ್ಲ ಎಂದು ನಾನು ಕೊರಗಿದೆ. ಮುದುಕರು ಅದಕ್ಕೆ, “ಮನಸ್ಸು ಬಿಡು, ಅವರ ಮನೀ ನೋಡು” ಎಂದರು. ನೋಡಿದರೆ, ಕೇರಿ, ಮಾರ್ಷ್ಮನ್, ವಾರ್ಡ್ ಮೂವರೂ ಒಂದೇ ಕುಟುಂಬದಂತೆ ಕೂಡಿ ಬಾಳಿದವರು. ಗಳಿಸಿದ ಹಣ ಒಂದೇ ಪೆಟ್ಟಿಗೆಗೆ. ಶನಿವಾರ ಸಂಜೆ ತಮ್ಮತಮ್ಮೊಳಗಿನ ಮನಸ್ತಾಪಗಳನ್ನು ಮಾತಾಡಿ ತೀರಿಸಿಕೊಳ್ಳುವ ಪದ್ಧತಿಯನ್ನು ಮೊದಲಲ್ಲಿಯೇ ಇಟ್ಟುಕೊಂಡಿದ್ದರು. ಜೊತೆಗೆ ಕೇರಿಯವರಿಗೆ ಗಿಡಗಳ ಹುಚ್ಚು. ಮನೆಯ ಸುತ್ತ ದೊಡ್ಡ ತೋಟ ಬೆಳೆಸಿದ್ದರು; 1820ರಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವನ್ನೇ ಸ್ಥಾಪಿಸಿದರು. ಭಾಷಾಂತರದ ಮೇಜಿಗೂ ಪ್ರಸಂಗಪೀಠಕ್ಕೂ ಸಂಬಂಧವಿಲ್ಲದ ಒಂದಿಷ್ಟು ಮಣ್ಣು ಅವರಿಗಿತ್ತು. ನನಗೆ ಅದಿರಲಿಲ್ಲ.

ನಮ್ಮ ನಾಡಿನವರೇ ಆಗಿಹೋದ ಕಿಟೆಲರ ಸಂಗತಿಯೂ ಇಂಥದೇ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದರು. 1864ರಲ್ಲಿ ಹೆಂಡತಿಯನ್ನು ಕಳೆದುಕೊಂಡರು. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ನಿಘಂಟು ಹೊರಬಂದದ್ದು 1894ರಲ್ಲಿ. ನಿಘಂಟನ್ನು ನಾವೆಲ್ಲ ಬಲ್ಲೆವು. ನಡುವಿನ ಮೂವತ್ತು ವರ್ಷಗಳ ರಾತ್ರಿಗಳು ಯಾವ ನಿಘಂಟಿನಲ್ಲಿಯೂ ಇಲ್ಲ.

ಇನ್ನೊಬ್ಬರು ಲಂಡನ್ನಿನ ಸ್ಪರ್ಜನ್. ಇಪ್ಪತ್ತೆರಡನೆಯ ವಯಸ್ಸಿಗೆ ಸಾವಿರಗಟ್ಟಲೆ ಜನರನ್ನು ಸೆಳೆಯುತ್ತಿದ್ದ ವಾಗ್ಮಿ. 1856ರ ಅಕ್ಟೋಬರ್ 19ರಂದು ಸರ್ರೆ ಗಾರ್ಡನ್ಸಿನ ಸಂಗೀತ ಮಂದಿರದಲ್ಲಿ ಅವರು ಪ್ರಸಂಗ ಮಾಡುತ್ತಿದ್ದಾಗ ಯಾರೋ ಬೆಂಕಿ ಬೆಂಕಿ ಎಂದು ಸುಳ್ಳು ಕೂಗೆಬ್ಬಿಸಿದರು. ನೂಕುನುಗ್ಗಲಿನಲ್ಲಿ ಏಳು ಮಂದಿ ಸತ್ತರು. ಆ ನೆನಪು ಅವರನ್ನು 1892ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಕಾರಣವಿಲ್ಲದೆ ಕವಿಯುವ ಖಿನ್ನತೆಯನ್ನು ಕುರಿತು ಅವರು ತಮ್ಮ ವಿದ್ಯಾರ್ಥಿಗಳಿಗೆ ಮುಚ್ಚುಮರೆಯಿಲ್ಲದೆ ಒಂದು ಉಪನ್ಯಾಸ ಮಾಡಿದ್ದಾರೆ. ಬೋಧಕನಿಗೆ ಇದು ಬರುವುದು ಸಹಜ, ಬಂದದ್ದರಿಂದ ಅವನು ಅಪನಂಬಿಗಸ್ಥನಲ್ಲ ಎಂಬುದು ಅದರ ತಾತ್ಪರ್ಯ. ಚಳಿಗಾಲ ಬಂದರೆ ಫ್ರಾನ್ಸಿನ ತೆಂಕಣ ಕರಾವಳಿಯ ಮಾಂತೋನಿಗೆ ಹೋಗಿ ವಿಶ್ರಮಿಸುತ್ತಿದ್ದರು. ನಮ್ಮ ಹಳ್ಳಿಯ ಬೋಧಕನಿಗೆ ಮಾಂತೋನ್ ಎಲ್ಲಿಂದ ಬರಬೇಕು? ಆದರೆ ಒಂದು ಪೇರಲ ಗಿಡದ ನೆರಳು ಬರಬಹುದು.

ಈ ದಣಿವು ಹೊಸದೂ ಅಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡುತ್ತಿದ್ದ ಸನ್ಯಾಸಿಗಳನ್ನು ಇದು ಕಾಡಿತ್ತು. ಎವಾಗ್ರಿಯಸ್ ಎಂಬವರು ಅದನ್ನು ನಡುಹಗಲಿನ ಪಿಶಾಚಿಯೊಡನೆ ಹೋಲಿಸಿ, ಅದು ಹಿಡಿದವನಿಗೆ ಸೂರ್ಯ ಮುಂದೆ ಸರಿಯುವುದೇ ಇಲ್ಲವೆಂದು ತೋರುತ್ತದೆ, ಕೋಣೆಯಿಂದ ಹೊರಗೆ ಇಣುಕಿ ಇಣುಕಿ ನೋಡುತ್ತಾನೆ ಎಂದು ವರ್ಣಿಸಿದ್ದಾರೆ. ನುಗ್ಗೆಯ ಗಿಡದ ಮರೆಯಲ್ಲಿ ನಿಂತಿದ್ದ ನನ್ನ ಚಿತ್ರವನ್ನು ಅವರು ಹದಿನಾರು ಶತಮಾನಗಳ ಹಿಂದೆಯೇ ಬರೆದಿದ್ದರು. ನಮ್ಮ ಕಾಲದಲ್ಲಿ, 1974ರಲ್ಲಿ, ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ನ್ಯೂಯಾರ್ಕಿನ ಧರ್ಮಾರ್ಥ ಚಿಕಿತ್ಸಾಲಯದಲ್ಲಿ ದುಡಿದು ಬಳಲಿದ ತಮ್ಮ ಮತ್ತು ಸಂಗಡಿಗರ ಸ್ಥಿತಿಯನ್ನು ನೋಡಿ ಅದನ್ನು ‘ಬರ್ನ್‌ಔಟ್’ ಎಂದು ಕರೆದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗಿ ಕಹಿಯಾಗುವುದು, ಮಾಡಿದ ಕೆಲಸ ಫಲಕಾರಿಯಾಗದಿರುವುದು. ಅದನ್ನು ರೋಗವೆಂದಲ್ಲ, ಉದ್ಯೋಗಕ್ಕೆ ಸಂಬಂಧಪಟ್ಟ ಸ್ಥಿತಿಯೆಂದು ಎಣಿಸಿದೆ. ನಮ್ಮ ಅಜ್ಜಿಯರು ಇಷ್ಟು ದೂರ ಹೋಗಬೇಕಾಗಿರಲಿಲ್ಲ. ಎಣ್ಣೆ ತೀರಿದ ಹಣತೆಯಲ್ಲಿ ಬತ್ತಿಯೇ ಉರಿಯುವುದನ್ನು ಅವರು ಕಂಡಿದ್ದರು. ಬೆಳಕು ಕ್ಷಣಹೊತ್ತು ಹೆಚ್ಚಾಗಿಯೇ ಕಾಣುತ್ತದೆ, ಆಮೇಲೆ ಕಮಟು ವಾಸನೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎಲ್ಲ ದಣಿವೂ ನಿದ್ರೆಯಿಂದ ಹೋಗುವಂಥದಲ್ಲ. ವಿಶ್ರಾಂತಿಯಾದ ಮೇಲೂ ವಾರಗಟ್ಟಲೆ ಕತ್ತಲೆ ಸರಿಯದಿದ್ದರೆ, ಎಲೀಯನಂತೆ ಬದುಕು ಸಾಕೆನ್ನಿಸುತ್ತಿದ್ದರೆ, ವೈದ್ಯರ ಬಳಿಗೆ ಹೋಗತಕ್ಕದ್ದು. ಜ್ವರಕ್ಕೆ ಔಷಧಿ ಕುಡಿಯುವುದು ವಿಶ್ವಾಸದ ಕೊರತೆಯಲ್ಲವೆಂದ ಮೇಲೆ ಇದಕ್ಕೆ ಕುಡಿಯುವುದೂ ಅಲ್ಲ. ಪ್ರಾರ್ಥನೆ ಸಾಲದೆಂದು ಹಂಗಿಸಿ ಎಷ್ಟೋ ಒಳ್ಳೆಯವರನ್ನು ನಮ್ಮ ಸಭೆಗಳು ಮೂಲೆಗೆ ತಳ್ಳಿವೆ. ಹಾಗೆಯೇ, ಒಳಗೆ ಬೆಳಕಿಲ್ಲದವರೆಲ್ಲ ಕೆಲಸ ಬಿಡಬೇಕೆಂದೂ ಅಲ್ಲ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ, ಅವರು ತೀರಿಕೊಂಡು ಹತ್ತು ವರ್ಷವಾದ ಮೇಲೆ ಪ್ರಕಟವಾದಾಗ, ಅಷ್ಟು ಜನರಿಗೆ ಬೆಳಕಾಗಿದ್ದಾಕೆ ತಾನು ಎಷ್ಟು ದೀರ್ಘಕಾಲ ಕತ್ತಲೆಯಲ್ಲಿದ್ದಳೆಂಬುದು ಲೋಕಕ್ಕೆ ತಿಳಿಯಿತು. ಆ ಪತ್ರಗಳನ್ನು ಓದಿ ಕೆಲವರ ವಿಶ್ವಾಸ ಕಲಕಿತಂತೆ. ನನಗೆ ಸಮಾಧಾನವೇ ಆಯಿತು. ಆಕೆಯೂ ಅದನ್ನು ಒಳಗೇ ಕಟ್ಟಿಟ್ಟುಕೊಳ್ಳದೆ, ನಂಬಿದ ಕೆಲವು ಗುರುಗಳಿಗೆ ಬರೆದು ತಿಳಿಸಿದ್ದಳಲ್ಲವೇ?

* * *

ರಜೆ ಮುಗಿಸಿ ಊರಿಗೆ ಬಂದ ಮೇಲೆ ಹಿರಿಯರ ಮಂಡಳಿಯನ್ನು ಕೂಡಿಸಿದೆ. ಎಲ್ಲವನ್ನೂ ಬಿಚ್ಚಿ ಹೇಳಿದೆ. ನುಗ್ಗೆಯ ಗಿಡದ ವಿಷಯವನ್ನೂ. ಸಿಹಿ ತಂದಿದ್ದ ಹಿರಿಯರು ಗಟ್ಟಿಯಾಗಿ ನಕ್ಕು, “ನಾ ನೋಡಿದ್ದೆ. ಪಾಪ, ಬಯಲಕಡಿಗೆ ಹೊಂಟಾರ ಅಂತ ಸುಮ್ಮನ ಹೋದೆ” ಎಂದರು. ಆ ನಗುವಿನಿಂದ ಮುಂದಿನ ಕೆಲಸ ಸುಲಭವಾಯಿತು. ಸಭೆಯ ಮನೆಗಳನ್ನೆಲ್ಲ ಹಂಚಿಕೊಂಡರು: ಒಬ್ಬೊಬ್ಬ ಹಿರಿಯನಿಗೆ ಹತ್ತು ಹನ್ನೆರಡು ಮನೆ. ರೋಗಿಗಳ ಸಮಾಚಾರ ಮೊದಲು ಅವರಿಗೆ, ಆಮೇಲೆ ನನಗೆ. ಹಂಚಿನ ಚಂದಾವನ್ನು ಹೆಂಗಸರ ಸಂಘ ವಹಿಸಿಕೊಂಡು, ನಾನು ಎರಡು ವರ್ಷದಲ್ಲಿ ಕೂಡಿಸಲಾರದ ಹಣವನ್ನು ಏಳು ತಿಂಗಳಲ್ಲಿ ಕೂಡಿಸಿತು. ಸೋಮವಾರ ಅಯ್ಯನವರಿಗೆ ರಜೆ, ಸಾವೊಂದನ್ನು ಬಿಟ್ಟು ಮತ್ತಾವುದಕ್ಕೂ ಬಾಗಿಲು ತಟ್ಟಬಾರದು ಎಂದು ಗೊತ್ತಾಯಿತು. ತಿಂಗಳಿಗೊಮ್ಮೆ ಧಾರವಾಡಕ್ಕೆ ಹೋಗಿ ಪೇರಲ ಗಿಡದ ಕೆಳಗೆ ಕುಳಿತು ಬರುವುದು ನಾನೇ ಮಾಡಿಕೊಂಡ ನಿಯಮ. ಮುದುಕರು ಬದುಕಿದ್ದ ಆರು ವರ್ಷವೂ ಅದನ್ನು ತಪ್ಪಿಸಲಿಲ್ಲ.

ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅಯ್ಯನವರಿಗೆ ಈಗ ದೊಡ್ಡಸ್ತಿಕೆ ಬಂದಿದೆ ಎಂದವರಿದ್ದರು. ಹಿರಿಯರಲ್ಲಿ ಇಬ್ಬರು ತಮ್ಮ ಪಾಲಿನ ಮನೆಗಳ ಹೊಸಿಲನ್ನೂ ತುಳಿಯಲಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಮಾತ್ರ ಬೇರೆಯೇ. ನಾನಿಲ್ಲದೆ ಒಂದು ಮನೆಯ ಜಗಳ ತೀರಿತೆಂದು ಕೇಳಿದ ದಿನ, ಸಂತೋಷವಾಗಬೇಕಾದಲ್ಲಿ ನನಗೆ ಸಣ್ಣ ನೋವಾಯಿತು. ಭಾರ ಇಳಿಸುವಾಗ ಹೆಗಲಿಗೂ ನೋವಾಗುತ್ತದೆ ಎಂದು ಆಗ ಅರಿತೆ. ಇಂದಿನ ತರುಣ ಬೋಧಕರನ್ನು ಕಂಡರೆ ನನಗೆ ಇನ್ನೂ ಕನಿಕರ. ನಮ್ಮ ಬಾಗಿಲನ್ನು ತಟ್ಟಲು ಜನ ನಡೆದಾದರೂ ಬರಬೇಕಾಗಿತ್ತು. ಇವರ ಬಾಗಿಲು ಜೇಬಿನಲ್ಲಿಯೇ ಇದೆ, ನಡುರಾತ್ರಿಯಲ್ಲಿಯೂ ಮಿಣುಕುತ್ತದೆ. ಮೊಬೈಲನ್ನು ವಾರಕ್ಕೊಂದು ದಿನ ಹೆಂಡತಿಯ ಕೈಗೋ ಹಿರಿಯರೊಬ್ಬರ ಕೈಗೋ ಕೊಟ್ಟುಬಿಡಿ ಎಂದು ನಾನು ಹೇಳಿದರೆ ನಗುತ್ತಾರೆ. ನಾನೂ ಒಂದು ಕಾಲಕ್ಕೆ ಹಾಗೆಯೇ ನಕ್ಕವನು.

ಒಂದು ಸಂಗತಿಯನ್ನು ಕೊನೆಗೆಂದು ಉಳಿಸಿಕೊಂಡಿದ್ದೇನೆ. ಧಾರವಾಡದಿಂದ ಬಂದ ದಿನ, ಮಂಡಳಿ ಕೂಡಿಸುವುದಕ್ಕೆ ಮೊದಲೇ, ನಾನು ಆ ನೇಕಾರರ ಮನೆಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವರು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ನನ್ನನ್ನು ಕಂಡು ಲಾಳಿ ನಿಲ್ಲಿಸಿದರು. ನಾನು ಬಾಯಿ ತೆರೆಯುವುದಕ್ಕೆ ಮುಂಚೆಯೇ, “ಅಯ್ಯನವರ, ನಿಮಗ ಆರಾಮ ಇರಲಿಲ್ಲಂತ ಕೇಳಿದೆ. ಈಗ ಹೆಂಗದೀರಿ?” ಎಂದರು.

ನಾನು ಜೋಡಿಸಿಕೊಂಡ ಮಾತುಗಳೆಲ್ಲ ಹೋದವು. ತಪ್ಪಾಯಿತು ಎಂದಷ್ಟೇ ಹೇಳಿದೆ. ಅವರು ಸ್ವಲ್ಪ ಹೊತ್ತು ಮಗ್ಗದ ನೂಲನ್ನು ಬೆರಳಿನಿಂದ ಸರಿಮಾಡುತ್ತಾ ಕುಳಿತಿದ್ದರು. ಕಡಿದ ಎಳೆಯೊಂದನ್ನು ಹುಡುಕಿ ಗಂಟು ಹಾಕಿದರು. ಆಮೇಲೆ ಮೇಲಕ್ಕೆ ನೋಡಿ, “ಹಂಗಿದ್ರ ಈಗ ಒಮ್ಮೆ ಹೇಳಿ ಬಿಡ್ರಿ” ಎಂದರು.

ಅವರು ಮಗ್ಗದಿಂದ ಎದ್ದು ಬಂದರು. ಮಗನನ್ನು ಒಳಗಿನಿಂದ ಕರೆದರು. ಮೂವರೂ ಆಕೆ ಎರಡು ವರ್ಷ ಮಲಗಿದ್ದ ಮೂಲೆಯ ಕಡೆಗೆ ತಿರುಗಿ ನಿಂತೆವು. ನಾನು ಆ ಪ್ರಾರ್ಥನೆಯನ್ನು ಮೊದಲಿನಿಂದ ಮಾಡಿದೆ. ಆಕೆಯ ಹೆಸರನ್ನು ಹೇಳಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಆ ಮನೆಯವರದು. ಮುಗಿದ ಮೇಲೆ ನೇಕಾರರು ಪಂಚೆಯ ತುದಿಯಿಂದ ಕಣ್ಣೊರಸಿಕೊಂಡು, ಆಕೆಯೇ ಕೇಳಿದಂತೆ, “ಊಟ ಆತೇನ್ರಿ?” ಎಂದರು. ಆಗಿಲ್ಲವೆಂದೆ. ಬೇರೆ ದಿನವಾಗಿದ್ದರೆ, ಇನ್ನೂ ನಾಲ್ಕು ಮನೆ ಹೋಗಬೇಕು ಎಂದು ಹೊರಟುಬಿಡುತ್ತಿದ್ದೆ. ಅಂದು ಕುಳಿತೆ. ಜೋಳದ ರೊಟ್ಟಿ, ಹಿಂಡಿಪಲ್ಲೆ. ತಟ್ಟೆಯಲ್ಲಿ ರೊಟ್ಟಿ ಕಂಡಾಗ ಜಾಲಿಗಿಡದ ಕೆಳಗಿನವನು ನೆನಪಾದ.

ಅಂದಿನಿಂದ ನಿವೃತ್ತನಾಗುವವರೆಗೆ, ಪ್ರತಿಯೊಂದು ಶವಸಂಸ್ಕಾರಕ್ಕೂ ಹೊರಡುವ ಮೊದಲು ಒಂದು ಚೀಟಿಯಲ್ಲಿ ಹೆಸರನ್ನು ಬರೆದು ಪ್ರಾರ್ಥನಾಪುಸ್ತಕದಲ್ಲಿ ಇಟ್ಟುಕೊಳ್ಳುತ್ತಿದ್ದೆ. ಅವುಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಅವೆಲ್ಲ ಇವೆ. ಈಗ ನನಗೆ ಪ್ರಸಂಗವಿಲ್ಲ, ಚಂದಾ ಇಲ್ಲ, ಬಾಗಿಲು ತಟ್ಟುವವರೂ ಕಡಿಮೆ. ಸೋಮವಾರ ಬೆಳಿಗ್ಗೆ ಡಬ್ಬಿಯನ್ನು ತೆರೆದು, ಒಂದೊಂದೇ ಹೆಸರನ್ನು ಓದುತ್ತೇನೆ, ಅವಸರವಿಲ್ಲದೆ.